ಒಂದು ನಿಮಿಷ ಯಾರೂ ಅಲುಗಾಡಬೇಡಿ

ಹನುಮಂತನಗರದ ದೊಡ್ಡಮ್ಮನ ಮನೆಯಲ್ಲಿ ನನ್ನ ಮೊದಲ ಸಿನಿಮಾದ ಮೊದಲ ದಿನ. ದೊಡ್ಡಮ್ಮ ಕ್ಯಾಮೆರಾಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, "ಶುರು ಮಾಡಪ್ಪ" ಅಂದರು. "ಆಕ್ಷನ್" ಅನ್ನೋಕೆ ನನಗೆ ಬಾಯೇ ಬರಲಿಲ್ಲ.

ಐದು ವರ್ಷ ಕೂಡಿಟ್ಟ ದುಡ್ಡು, ಬಾಡಿಗೆ ಕ್ಯಾಮೆರಾ, ಎಂಟು ಜನ. ಗಾಂಧಿನಗರದಲ್ಲಿ ಒಬ್ಬ ನಿರ್ಮಾಪಕರು ಕಥೆ ಅರ್ಧ ಕೇಳಿ, "ಇದನ್ನ ಯಾರು ನೋಡ್ತಾರೆ?" ಅಂದಿದ್ದರು. ಆ ಮಾತು ತಲೆಯಲ್ಲೇ ಕೂತಿತ್ತು. ನಾನು ಸಿನಿಮಾ ಓದಿದವನಲ್ಲ. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಕೂತು ನೋಡಿದವನು. 2013ರಲ್ಲಿ ಜನರೇ ದುಡ್ಡು ಹಾಕಿ ‘ಲೂಸಿಯಾ’ ಬಂದಾಗ, ಹೀಗೂ ಮಾಡಬಹುದಲ್ವಾ ಅನ್ನಿಸಿತ್ತು.

ಡಬ್ಬಿಂಗ್ ಬೇಡ, ಶೂಟಿಂಗ್‌ನಲ್ಲೇ ಮಾತು ರೆಕಾರ್ಡ್ ಮಾಡುವ ಸಿಂಕ್ ಸೌಂಡೇ ಇರಲಿ ಅಂತ ಹಠ ಹಿಡಿದಿದ್ದೆ. ಮೊದಲ ಟೇಕ್‌ಗೆ ಸೊಪ್ಪಿನವಳು ಕೂಗಿದಳು. ಎರಡನೆಯದಕ್ಕೆ ಕಸದ ಗಾಡಿಯ ಹಾಡು. ಆಮೇಲೆ ಪಕ್ಕದ ಮನೆ ಕುಕ್ಕರ್. ಸೌಂಡ್ ಹುಡುಗ ಪ್ರತಿ ಸಲ ಕೈ ಎತ್ತುತ್ತಿದ್ದ. ಕೊನೆಗೆ ಫ್ರಿಡ್ಜ್ ಗುಂಯ್ ಅಂತಿದೆ ಅಂತ ಅದನ್ನೂ ಆಫ್ ಮಾಡಿ, ನನ್ನ ಸ್ಕೂಟರ್ ಕೀಯನ್ನು ಅದರೊಳಗೆ ಮೊಸರಿನ ಪಾತ್ರೆ ಪಕ್ಕ ಇಟ್ಟ. ಮನೆಗೆ ಹೊರಡುವಾಗ ಕೀ ಹುಡುಕಲೇಬೇಕು, ಆಗ ಸ್ವಿಚ್ ನೆನಪಾಗುತ್ತೆ ಅಂತ.

ಮಧ್ಯಾಹ್ನವಾದರೂ ಒಂದು ಶಾಟ್ ಓಕೆ ಆಗಿರಲಿಲ್ಲ. ಪಾತ್ರ ಮಾಡಿದವರು ನಿವೃತ್ತ ಟೀಚರ್, ನಟನೆ ಹೊಸದು. "ನಾನೇನಾದ್ರೂ ತಪ್ಪು ಮಾಡ್ತಿದ್ದೀನಾ?" ಅಂದರು. "ಇಲ್ಲ ಮೇಡಂ, ನನಗೂ ಇದೇ ಮೊದಲು, ಭಯ ಆಗ್ತಿದೆ" ಅಂದೆ. "ಹಾಗಾದ್ರೆ ಇಬ್ಬರೂ ಕಲಿಯೋಣ ಬಿಡಪ್ಪ" ಅಂದರು.

ತೀರಿಕೊಂಡ ಗಂಡನ ಶರ್ಟು ಮಡಚಿಡುವ ದೃಶ್ಯ. ಶರ್ಟು ನಮ್ಮ ದೊಡ್ಡಪ್ಪನದೇ. ಮಡಚುತ್ತಾ ಅವರು ಸುಮ್ನೆ ಜೇಬಿಗೆ ಕೈ ಹಾಕಿದರು. ಸ್ಕ್ರಿಪ್ಟ್‌ನಲ್ಲಿ ಅದು ಇರಲಿಲ್ಲ. ಒಂದು ಹಳೇ ಬಸ್ ಟಿಕೆಟ್ ಸಿಕ್ಕಿತು. ಅಕ್ಷರವೆಲ್ಲ ಮಾಸಿ ಬರೀ ಬಿಳಿ ಚೀಟಿ. ಬಿಡಿಸಿ, ಬೆಳಕಿಗೆ ಹಿಡಿದು, ಮತ್ತೆ ಹಾಗೇ ಮಡಚಿ ಜೇಬಿಗಿಟ್ಟರು. ಕಟ್ ಹೇಳೋದು ನನಗೆ ಮರೆತೇ ಹೋಯಿತು.

"ಒಂದು ನಿಮಿಷ ಯಾರೂ ಅಲುಗಾಡಬೇಡಿ, ರೂಮ್ ಟೋನ್ ತಗೋತೀನಿ" ಅಂದ ಸೌಂಡ್ ಹುಡುಗ. ಖಾಲಿ ಕೋಣೆಗೂ ಒಂದು ಸದ್ದಿರುತ್ತದೆ. ಎಡಿಟ್‌ನಲ್ಲಿ ಅದನ್ನು ಮಾತಿನ ಕೆಳಗೆ ಹಾಸದಿದ್ದರೆ ಕತ್ತರಿಸಿದ ಜಾಗವೆಲ್ಲ ಕಿವಿಗೆ ಗೊತ್ತಾಗುತ್ತದೆ. ಎಲ್ಲರೂ ಇದ್ದಲ್ಲೇ ನಿಂತರು. ಲೈಟ್ ಹಿಡಿದವನು, ಕ್ಲ್ಯಾಪ್ ಹುಡುಗಿ, ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದ ದೊಡ್ಡಮ್ಮ. ನನಗೋಸ್ಕರ ಇಷ್ಟು ಜನ ಉಸಿರು ಬಿಗಿಹಿಡಿದಿದ್ದರು. ದೂರದಲ್ಲೊಂದು ಕಾಗೆ. ಆ ಒಂದು ನಿಮಿಷ ನಿರ್ಮಾಪಕರ ಮಾತು ನನಗೆ ಕೇಳಿಸಲಿಲ್ಲ.

ಸಂಜೆ ಫ್ರಿಡ್ಜ್ ತೆಗೆದು ಕೀ ಎತ್ತಿಕೊಂಡೆ. ಸ್ವಿಚ್ ಹಾಕಿದೆ. ದೊಡ್ಡಮ್ಮ ಆ ಟಿಕೆಟ್ ಹಿಡಿದು ನಿಂತಿದ್ದರು.

"ನಾಳೇನೂ ಇದು ಬೇಕೇನೋ?"

"ಬೇಕು ದೊಡ್ಡಮ್ಮ. ಜೇಬಲ್ಲೇ ಇರಲಿ."

ಅವರು ಅದನ್ನು ಜೇಬಿಗಿಟ್ಟು, ಶರ್ಟನ್ನು ಮೊಳೆಗೆ ನೇತುಹಾಕಿದರು.