ಹೆಬ್ಬೆರಳ ಗಂಟು ಹೋದ ಮೇಲೆ

ಬಲಪಾದದ ಹೆಬ್ಬೆರಳ ಬುಡದಲ್ಲಿ ಉಬ್ಬಿಕೊಂಡಿದ್ದ ಗಂಟನ್ನು ನಾನು ಬಹಳ ವರ್ಷ ಆಣಿಯೆಂದೇ ತಿಳಿದು ಮುಲಾಮು ಹಚ್ಚುತ್ತಿದ್ದೆ. ಹೆಬ್ಬೆರಳ ಹಿಂದಿನ ಪಾದದ ಮೂಳೆ ಒಂದು ಕಡೆಗೆ ಸರಿದು, ಬೆರಳು ಪಕ್ಕದ ಬೆರಳಿನತ್ತ ವಾಲಿದಾಗ ಆ ಕೀಲು ಹೀಗೆ ಹೊರಚಾಚುತ್ತದೆ ಎಂಬುದು ಎಕ್ಸ್‌ರೇ ನೋಡಿದ ಮೇಲೆ ತಿಳಿಯಿತು. ನನ್ನ ತಾಯಿಗೂ ಇದು ಇತ್ತು. ಮನೆತನದಲ್ಲಿ ಹರಿದು ಬರುವ ಈ ದೋಷವನ್ನು ಮುಂಭಾಗ ಕಿರಿದಾದ ಪಾದರಕ್ಷೆಗಳು ಹೆಚ್ಚಿಸುತ್ತವೆ. ವೈದ್ಯರು ಇದಕ್ಕೆ ಬನಿಯನ್ ಎನ್ನುತ್ತಾರೆ. ಆ ಹೆಸರು ಕೇಳಿ ನಮ್ಮತ್ತೆಯವರು, ಅಂಗಿಯೊಳಗೆ ಹಾಕುವ ವಸ್ತುವಿಗೆ ಆಪರೇಷನ್ ಏಕೆಂದು ಗಂಭೀರವಾಗಿಯೇ ವಿಚಾರಿಸಿದ್ದರು.

ಅಕ್ಟೋಬರ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಮೂಳೆಯನ್ನು ಕತ್ತರಿಸಿ, ನೇರಗೊಳಿಸಿ, 2 ಸ್ಕ್ರೂ ಕೂರಿಸಿದರು. ಹಿಂದಿನ ಸಂಜೆ ದಾದಿಯು ಕಾಲುಂಗುರ ತೆಗೆಯಲು ಹೇಳಿದಾಗ ಅತ್ತೆಯವರ ಮುಖ ಬಾಡಿತು. ಪಾದ ಊದಿಕೊಂಡರೆ ಉಂಗುರ ಬೆರಳನ್ನು ಕಚ್ಚಿ ರಕ್ತ ಸಂಚಾರವನ್ನೇ ತಡೆಯಬಹುದೆಂದು ಆಕೆ ವಿವರಿಸಿದ ಮೇಲೆ, ಅವರೇ ಸೋಪಿನ ನೀರು ಹಚ್ಚಿ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಕೊಪ್ಪಳಕ್ಕೆ ಮರಳಿದ ಮೇಲಿನ ಎರಡು ವಾರಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ: ಪಾದವನ್ನು ಎದೆಯ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಟ್ಟು ಮಲಗಿದ್ದೆ. 14ನೆಯ ದಿನ ಹೊಲಿಗೆ ಬಿಚ್ಚಿದರು. 6 ವಾರಗಳವರೆಗೆ ಗಟ್ಟಿ ಅಟ್ಟೆಯ ವಿಶೇಷ ಚಪ್ಪಲಿ ಧರಿಸಿ, ಭಾರವನ್ನೆಲ್ಲ ಹಿಮ್ಮಡಿಯ ಮೇಲೆ ಹಾಕಿ ಬಾತುಕೋಳಿಯಂತೆ ನಡೆದೆ.

ನಿಜವಾದ ಕಷ್ಟ ಆರಂಭವಾದದ್ದು ಆ ಚಪ್ಪಲಿ ಬಿಟ್ಟ ದಿನದಿಂದ. ಮೂಳೆ ಕೂಡಿದೆಯೆಂದು ಎಕ್ಸ್‌ರೇ ಹೇಳಿತು, ಮನೆಯವರೂ ‘ಇನ್ನೇನು, ಆರಾಮಾದಳು’ ಎಂದು ನಿರಾಳರಾದರು. ಆದರೆ ಹೆಜ್ಜೆಯ ಕೊನೆಯಲ್ಲಿ ನೆಲವನ್ನು ಒತ್ತಿ ದೇಹವನ್ನು ಮುಂದೆ ತಳ್ಳುವ ಕೆಲಸವನ್ನು ನನ್ನ ಹೆಬ್ಬೆರಳು ಮರೆತೇಬಿಟ್ಟಿತ್ತು. ಅರಿವಿಲ್ಲದೆಯೇ ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿದ್ದೆನಾದ್ದರಿಂದ ಮೊಣಕಾಲು ನೋಯತೊಡಗಿತು. ದಿನಕ್ಕೆ ಮೂರು ಬಾರಿ ಬೆರಳನ್ನು ಕೈಯಿಂದ ಹಿಡಿದು ಮೇಲೆ ಕೆಳಗೆ ಬಾಗಿಸುವುದು, ನೆಲದಲ್ಲಿ ಹಾಸಿದ ಟವೆಲನ್ನು ಬೆರಳುಗಳಿಂದಲೇ ಮುದುಡಿ ಎಳೆಯುವುದು ನನ್ನ ವ್ಯಾಯಾಮವಾಯಿತು. ನೋಡುವವರಿಗೆ ಮಕ್ಕಳಾಟ, ಮಾಡುವವರಿಗೆ ಕಣ್ಣಲ್ಲಿ ನೀರು.

ಸ್ಕೂಟಿಯ ಬ್ರೇಕುಗಳು ಕೈಯಲ್ಲೇ ಇದ್ದರೂ, ಅಶೋಕ ವೃತ್ತದಲ್ಲಿ ಗಾಡಿ ನಿಂತಾಗ ಕಾಲೂರಲು ಧೈರ್ಯ ಬಂದದ್ದು ಎರಡು ತಿಂಗಳ ನಂತರ. ಶಾಲೆಯಲ್ಲಿ ಬೆಳಗಿನ ಎರಡು ಅವಧಿ ನಿಂತು ಪಾಠ ಮಾಡುವೆ, ಉಳಿದವು ಕುರ್ಚಿಯಲ್ಲಿ. ಉಂಗುಟದ ಚಪ್ಪಲಿಗಳನ್ನೆಲ್ಲ ನಾದಿನಿಗೆ ಕೊಟ್ಟು, ಮುಂಭಾಗ ಅಗಲವಾದ, ನೋಡಲು ಸ್ವಲ್ಪವೂ ಚಂದವಿಲ್ಲದ ಬೂಟು ಕೊಂಡಿದ್ದೇನೆ.

ಕುಕ್ಕರಗಾಲಿನಲ್ಲಿ ಕೂರಲು ಹೆಬ್ಬೆರಳು ಎಷ್ಟು ಬಾಗಬೇಕೆಂಬುದು ಜನವರಿಯಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಅರ್ಥವಾಯಿತು. ದಾಸೋಹಕ್ಕೆ ಕಳಿಸುವ ಜೋಳದ ರೊಟ್ಟಿಗಳನ್ನು ನಮ್ಮ ಮನೆಯಲ್ಲಿ ಹಿತ್ತಲಿನ ಒಲೆಯ ಮುಂದೆ ಕುಳಿತೇ ಬಡಿಯುತ್ತಾರೆ. ನಾನು ಕೂರಲು ಹೋಗಿ, ಅರ್ಧದಲ್ಲೇ ಗೋಡೆ ಹಿಡಿದುಕೊಂಡೆ. “ನಿಂತು ಬಡದ್ರೂ ಅಜ್ಜಾರ ದಾಸೋಹಕ್ಕ ಮುಟ್ಟತಾವ, ಬಿಡವಾ” ಎಂದ ಅತ್ತೆಯವರು ಹಿಟ್ಟಿನ ಪರಾತವನ್ನು ಅಡುಗೆಮನೆಯ ಕಟ್ಟೆಯ ಮೇಲೆ ತಂದಿಟ್ಟರು. ಈ ವರ್ಷ ಗುಡ್ಡದ ಮೆಟ್ಟಿಲು ಹತ್ತಲಿಲ್ಲ. ತೇರನ್ನು ಕೆಳಗಿನಿಂದಲೇ ನೋಡಿ, ಜನ ಕರಗುವ ಮುನ್ನ ಮನೆ ಸೇರಿದೆ.

ಈಗ ನಾಲ್ಕು ತಿಂಗಳು ದಾಟಿವೆ. ಪಾದದ ಊತ ಬೆಳಿಗ್ಗೆ ಕಾಣುವುದಿಲ್ಲ, ಸಂಜೆ ಬೆರಳಿನಿಂದ ಒತ್ತಿದರೆ ಸಣ್ಣ ಕುಳಿ ಬೀಳುತ್ತದೆ. ಆದ್ದರಿಂದ ಏಳು ಗಂಟೆಗೆ ಹಾಕಿಕೊಂಡ ಕಾಲುಂಗುರವನ್ನು ನಾಲ್ಕು ಗಂಟೆಗೆ ತೆಗೆದು ಕುಂಕುಮದ ಭರಣಿಯ ಪಕ್ಕದಲ್ಲಿಡುತ್ತೇನೆ. ಅತ್ತೆಯವರು ನೋಡಿಯೂ ನೋಡದಂತಿರುತ್ತಾರೆ.