ರಿಸಲ್ಟ್ ಬಂದ ಮೇಲೆ ನೋಡಿದ್ರೆ ಸಾಲದಾ ಸಾರ್?

ದಸರಾ ರಜೆ ಮುಗಿಸಿ ಬಂದ ಸೆಕೆಂಡ್ ಪಿಯು ಮಕ್ಕಳಿಗೆ ನಾನು ಮೊದಲ ದಿನ ಪಾಠ ಮಾಡುವುದಿಲ್ಲ. "ನಾಳೆ ಬರುವಾಗ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಮೂರನ್ನೂ ತನ್ನಿ" ಅನ್ನುತ್ತೇನೆ. ಆಗ ಹಿಂದಿನ ಬೆಂಚಿನಿಂದ ಒಂದು ದನಿ ಬಂದೇ ಬರುತ್ತದೆ. "ಪರೀಕ್ಷೆನೇ ಆಗಿಲ್ಲ ಸಾರ್. ರಿಸಲ್ಟ್ ಬಂದ ಮೇಲೆ ನೋಡಿದ್ರೆ ಸಾಲದಾ?"

ಇದೇ ಪ್ರಶ್ನೆಯನ್ನು ಅಪ್ಪಂದಿರು ಸಂತೆಯಲ್ಲಿ ಕೇಳುತ್ತಾರೆ, ಅಮ್ಮಂದಿರು ಫೋನಿನಲ್ಲಿ ಕೇಳುತ್ತಾರೆ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವನು. ಇಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಗೆ, ಸ್ಕಾಲರ್‌ಶಿಪ್ಪಿಗೆ ಅರ್ಜಿ ತುಂಬಿಸುವುದು ನನ್ನ ಕೆಲಸವಲ್ಲ. ಆದರೆ ವರ್ಷಗಳಿಂದ ಅದೂ ನನ್ನ ತಲೆಗೇ ಬಂದಿದೆ. ಹಾಗಾಗಿ ಉತ್ತರವನ್ನು ಒಮ್ಮೆ ಬರೆದೇ ಇಡುತ್ತೇನೆ.

ಸಾಲದು. ಯಾಕೆ ಅಂದರೆ, ರಿಸಲ್ಟ್ ಬರುವ ಹೊತ್ತಿಗೆ ಸಿಇಟಿ ಅರ್ಜಿಯ ಬಾಗಿಲು ಹಾಕಿ ಆಗಿರುತ್ತದೆ. 2025ರ ಲೆಕ್ಕವನ್ನೇ ನೋಡಿ. ಸಿಇಟಿ ಅರ್ಜಿ ಶುರುವಾಗಿದ್ದು ಜನವರಿಯಲ್ಲಿ. ಪಿಯು ಪರೀಕ್ಷೆ-1 ನಡೆದಿದ್ದು ಮಾರ್ಚ್ 1ರಿಂದ 20ರವರೆಗೆ. ಅದರ ರಿಸಲ್ಟ್ ಏಪ್ರಿಲ್ 8ಕ್ಕೆ ಬಂತು. ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ ಮುಗಿಯಿತು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುವಿನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅಂದರೆ ಪಿಯು ರಿಸಲ್ಟು ಮೊದಲೇ ಹಾಕಿಟ್ಟ ಅರ್ಜಿಯೊಳಗೆ ಹೋಗಿ ಕೂರುವ ಒಂದು ತುಂಡು ಅಷ್ಟೇ. ಅರ್ಜಿಯೇ ಇಲ್ಲದವನ 95 ಪರ್ಸೆಂಟ್ ಎಲ್ಲಿ ಹೋಗಿ ಕೂರಬೇಕು?

ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಕಷ್ಟ ಇರುವುದು ಅದಕ್ಕೆ ಬೇಕಾದ ಕಾಗದದಲ್ಲಿ. ನಾನು ಮಾರ್ಕ್ಸ್ ಕಾರ್ಡನ್ನೂ ಆಧಾರನ್ನೂ ಒಟ್ಟಿಗೆ ತರಿಸುವುದು ಹೆಸರು ಹೋಲಿಸಿ ನೋಡೋಕೆ. ಒಬ್ಬ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ 'ಕಾವ್ಯ ಎಚ್'. ಆಧಾರಿನಲ್ಲಿ 'ಎಚ್ ಕಾವ್ಯಾ'. ಜಾತಿ-ಆದಾಯ ಪತ್ರದಲ್ಲಿ 'ಕಾವ್ಯ ಹನುಮಂತಪ್ಪ'. ಊರಿನಲ್ಲಿ ಅವಳು ಒಬ್ಬಳೇ ಕಾವ್ಯ, ಕಂಪ್ಯೂಟರಿಗೆ ಮಾತ್ರ ಮೂವರು. ಎಸ್ಸೆಸ್ಸೆಲ್ಸಿ ಕಾರ್ಡನ್ನು ತಿದ್ದಿಸುವುದು ದೊಡ್ಡ ಪ್ರವಾಸ. ಅದಕ್ಕೇ ಉಳಿದವನ್ನೆಲ್ಲ ಅದಕ್ಕೆ ಸರಿಯಾಗಿ ತಿದ್ದಿಸಿ ಅನ್ನುತ್ತೇನೆ. ಈ ಕೆಲಸ ಅಕ್ಟೋಬರಿನಲ್ಲಿ ಆರಾಮಾಗಿ ಆಗುತ್ತದೆ. ಮೇ ತಿಂಗಳಲ್ಲಿ ಆಧಾರ್ ಕೇಂದ್ರದ ಮುಂದೆ ಬೆಳಿಗ್ಗೆ ಆರಕ್ಕೇ ಚಪ್ಪಲಿ ಸಾಲು ಇರುತ್ತದೆ.

ಆಮೇಲೆ ನಾಡಕಚೇರಿ. ಅಲ್ಲಿ ಕೊಡುವ ಜಾತಿ-ಆದಾಯ ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಉದ್ದನೆಯ ನಂಬರ್ ಇರುತ್ತದೆ. ಸಿಇಟಿ ಅರ್ಜಿಗೂ ಅದೇ ಬೇಕು, ಸ್ಕಾಲರ್‌ಶಿಪ್ಪಿಗೂ ಅದೇ ಬೇಕು. ಪತ್ರ ಮಗುವಿನ ಹೆಸರಿನಲ್ಲೇ ಇರಬೇಕು. ಅಣ್ಣನ ಪತ್ರವನ್ನೋ ಅಪ್ಪನ ಪತ್ರವನ್ನೋ ತಂದು "ಒಂದೇ ಮನೆ ಅಲ್ವಾ ಮೇಷ್ಟ್ರೇ" ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಆದಾಯದ ಪತ್ರಕ್ಕೆ ಐದು ವರ್ಷದ ಆಯಸ್ಸು. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಸೀಟು ಹಂಚುವ ಹೊತ್ತಿಗೆ ಸರಿಯಾಗಿ ಮುಗಿದುಹೋಗುತ್ತದೆ. ತಾರೀಖು ನೋಡಿಕೊಳ್ಳಿ.

ನಮ್ಮ ಕಡೆಯ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಲಾಭ ತರುವ ಕಾಗದ ಹಳ್ಳಿ ಶಾಲೆಯ ವ್ಯಾಸಂಗ ಪ್ರಮಾಣಪತ್ರ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ 15 ಪರ್ಸೆಂಟ್ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪರ್ಸೆಂಟ್. ಹತ್ತು ವರ್ಷ ಅಂದರೆ ಹತ್ತೇ ವರ್ಷ, ಒಂಬತ್ತಲ್ಲ. ಪ್ರೈಮರಿ ಒಂದು ಶಾಲೆ, ಹೈಸ್ಕೂಲು ಇನ್ನೊಂದು ಶಾಲೆ ಆಗಿದ್ದರೆ ಎರಡೂ ಕಡೆ ಪತ್ರ ಬರೆಸಬೇಕು. ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ, ಸೀಲು. ಶಾಲೆಗೆ ಬೇಸಿಗೆ ರಜೆ ಕೊಟ್ಟ ಮೇಲೆ ಹೆಡ್ ಮೇಷ್ಟ್ರನ್ನು ಎಲ್ಲಿ ಹುಡುಕುತ್ತೀರಿ? ಒಬ್ಬ ತಂದೆ ಸೀಲಿಗಾಗಿ ಹೆಡ್ ಮೇಷ್ಟ್ರ ಮಾವನ ಮನೆಗೇ ಹೋಗಿದ್ದರು. ಮೇಷ್ಟ್ರು ಸಿಕ್ಕರು. ಸೀಲು ಶಾಲೆಯ ಬೀರುವಿನಲ್ಲಿತ್ತು.

ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿ, ಬೀದರಿನವರಿಗೆ ಇದರ ಜೊತೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪತ್ರವೂ ಇದೆ. ನಮ್ಮ ಜಿಲ್ಲೆ ಅದರಲ್ಲಿ ಇಲ್ಲ. ಆದರೂ ಗಡಿ ಊರುಗಳ ಮಕ್ಕಳು ನಮ್ಮಲ್ಲಿ ಬಂದು ಓದುತ್ತಾರೆ. ಇರುವ ಹಕ್ಕನ್ನು ಕೇಳದೆ ಬಿಟ್ಟವರನ್ನು ಕಂಡಿದ್ದೇನೆ.

ಇನ್ನೊಂದು ವಿಷಯ ಹೇಳಿದರೆ ನಗುತ್ತೀರಿ. ಅರ್ಜಿಯಲ್ಲಿ ಸೈಬರಿನವರ ಮೊಬೈಲ್ ನಂಬರ್ ಕೊಡಬೇಡಿ. ಒಬ್ಬ ಹುಡುಗ ಕೊಟ್ಟಿದ್ದ. ಆಪ್ಷನ್ ಬದಲಾಯಿಸುವ ಕೊನೆಯ ದಿನ ಒಟಿಪಿ ಹೋಯಿತು, ಸೈಬರಿನ ಅಣ್ಣನ ಫೋನಿಗೆ. ಆ ಅಣ್ಣ ಧರ್ಮಸ್ಥಳದ ಘಾಟಿಯಲ್ಲಿ ಬಸ್ಸಿನೊಳಗೆ ಇದ್ದ, ನೆಟ್‌ವರ್ಕ್ ಇಲ್ಲ. ಮನೆಯಲ್ಲಿ ಇರುವ, ಮುಂದಿನ ಒಂದು ವರ್ಷ ಬದಲಾಗದ ನಂಬರನ್ನೇ ಕೊಡಿ.

ಆಪ್ಷನ್ ಅಂದೆನಲ್ಲ, ಅಲ್ಲಿಗೇ ಬರುತ್ತೇನೆ. ಓದಿ ಬರೆದವರೂ ತಪ್ಪುವುದು ಇಲ್ಲೇ. ರ‍್ಯಾಂಕ್ ಬಂದ ಮೇಲೆ ಯಾವ ಕಾಲೇಜು, ಯಾವ ಕೋರ್ಸು ಬೇಕು ಅಂತ ಪಟ್ಟಿ ಹಾಕಬೇಕು. ನನ್ನ ಒಬ್ಬ ಜಾಣ ಶಿಷ್ಯ ಆರೇ ಆಪ್ಷನ್ ಹಾಕಿದ. ಆರೂ ಬೆಂಗಳೂರು, ಆರೂ ಕಂಪ್ಯೂಟರ್ ಸೈನ್ಸ್. ಕೇಳಿದರೆ, "ಜಾಸ್ತಿ ಹಾಕಿದ್ರೆ ಯಾವುದೋ ಮೂಲೆ ಕಾಲೇಜಿಗೆ ತಳ್ಳಿಬಿಡ್ತಾರೆ ಸಾರ್" ಅಂದ. ಮೊದಲ ಸುತ್ತಿನಲ್ಲಿ ಅವನಿಗೆ ಏನೂ ಸಿಗಲಿಲ್ಲ.

ಯಾರೂ ತಳ್ಳುವುದಿಲ್ಲ. ಅಲ್ಲಿ ನಡೆಯುವುದು ಇಷ್ಟೇ. ರ‍್ಯಾಂಕಿನ ಪ್ರಕಾರ ನಿಮ್ಮ ಸರದಿ ಬಂದಾಗ, ನಿಮ್ಮ ಪಟ್ಟಿಯ ಮೊದಲನೆಯದು ಖಾಲಿ ಇದೆಯಾ ಅಂತ ಕಂಪ್ಯೂಟರು ನೋಡುತ್ತದೆ. ಇದ್ದರೆ ಕೊಡುತ್ತದೆ, ಕೆಳಗಿನದನ್ನು ಮುಟ್ಟುವುದೇ ಇಲ್ಲ. ಇಲ್ಲದಿದ್ದರೆ ಎರಡನೆಯದು, ಮೂರನೆಯದು, ಹೀಗೆ. ಐವತ್ತನೆಯದು ಇದೆ ಅನ್ನುವ ಕಾರಣಕ್ಕೆ ಮೊದಲನೆಯದು ತಪ್ಪುವುದಿಲ್ಲ. ಆದ್ದರಿಂದ ಆಸೆಯ ಕ್ರಮದಲ್ಲಿ ಬರೆಯಿರಿ. ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕುಗಳು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತವೆ. ಪಟ್ಟಿ ಎಲ್ಲಿಯವರೆಗೆ ಇಳಿಯಬೇಕು ಅಂತ ತಿಳಿಯೋಕೆ ಅವು ಸಾಕು. ಸಿಕ್ಕರೂ ಸೇರುವುದಿಲ್ಲ ಅನ್ನುವ ಕಾಲೇಜನ್ನು ಮಾತ್ರ ಹಾಕಬೇಡಿ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಕೇಳುತ್ತಾರೆ. ಒಂದು, ಒಪ್ಪಿದೆ, ಸೇರುತ್ತೇನೆ. ಎರಡು, ಇದು ಇರಲಿ, ಆದರೆ ಪಟ್ಟಿಯಲ್ಲಿ ಮೇಲಿರುವುದು ಸಿಕ್ಕರೆ ಅದನ್ನು ಕೊಡಿ. ಮೂರು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು, ನಾನು ಹೊರಟೆ. ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಮೂರನ್ನು ಒತ್ತಿ ಕೈಯಲ್ಲಿದ್ದ ಸೀಟನ್ನೇ ಬಿಟ್ಟವರಿದ್ದಾರೆ. ಎರಡನೇ ಚಾಯ್ಸಿನಲ್ಲೂ ಒಂದು ಸೂಕ್ಷ್ಮ ಇದೆ. ಮೇಲಿನದು ಸಿಕ್ಕಿತೋ, ಹಳೆಯದು ತಾನಾಗಿ ಹೋಯಿತು. "ಅಯ್ಯೋ, ಹಳೇದೇ ಚೆನ್ನಾಗಿತ್ತು" ಅಂದರೆ ನಡೆಯುವುದಿಲ್ಲ. ಫೀಸು ಯಾವಾಗ, ಎಷ್ಟು ಕಟ್ಟಬೇಕು ಅನ್ನುವುದನ್ನು ಆಯಾ ವರ್ಷದ ಸೂಚನೆಯಲ್ಲಿ ಓದಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಅಲ್ಲ.

ಇನ್ನು ದುಡ್ಡು. ಫೀಸಿನ ಭಯ ಇರುವವರು ಎಸ್‌ಎನ್‌ಕ್ಯೂ ಅನ್ನುವ ಮೂರಕ್ಷರ ನೆನಪಿಡಿ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧನಾ ಶುಲ್ಕ ಇಲ್ಲದೆ ಕೊಡುವ 5 ಪರ್ಸೆಂಟ್ ಹೆಚ್ಚುವರಿ ಸೀಟುಗಳು ಇವು. ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿರಬೇಕು. ನಮ್ಮ ಊರಿನ ಮುಕ್ಕಾಲು ಪಾಲು ಮನೆಗಳು ಅದರೊಳಗೇ ಬರುತ್ತವೆ. ಕೇಳುವವರು ಮಾತ್ರ ಕಮ್ಮಿ.

ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ಪುಗಳಿಗೆ ಎಸ್‌ಎಸ್‌ಪಿ ಅನ್ನುವ ಒಂದೇ ಪೋರ್ಟಲ್. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿ ಲೆಕ್ಕದಲ್ಲಿ ಶುರುವಾದ ವಿದ್ಯಾಸಿರಿಯೂ ಅಲ್ಲೇ. ದುಡ್ಡು ಆಧಾರಿಗೆ ಜೋಡಿಸಿದ ಖಾತೆಗೆ ಬೀಳುತ್ತದೆ. ಪಾಸ್‌ಬುಕ್ಕು ತರಿಸುವುದು ಇದಕ್ಕೇ. ಒಬ್ಬ ಹುಡುಗಿ ವರ್ಷವಿಡೀ ದುಡ್ಡು ಬಂದಿಲ್ಲ ಅಂತ ಅಲೆದಳು. ಕೊನೆಗೆ ನೋಡಿದರೆ, ಯಾವಾಗಲೋ ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿದ್ದಕ್ಕೆ ಅವಳ ಹೆಸರಲ್ಲಿ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿತ್ತು. ಆಧಾರ್ ಅದಕ್ಕೇ ಜೋಡಣೆಯಾಗಿತ್ತು. ದುಡ್ಡು ಸುಮ್ನೆ ಅಲ್ಲಿ ಬಂದು ಕೂತಿತ್ತು, ಅವಳಿಗೆ ಆ ಖಾತೆ ಇದೆ ಅಂತಲೇ ಗೊತ್ತಿರಲಿಲ್ಲ. ನಿಮ್ಮ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಬ್ಯಾಂಕಿಗೆ ಹೋಗಿ ಕೇಳಿ. ಸ್ಕಾಲರ್‌ಶಿಪ್ಪು ತಡವಾಗಿಯೇ ಬರುತ್ತದೆ, ಅದನ್ನು ನಂಬಿ ಮೊದಲ ವರ್ಷದ ಫೀಸಿನ ಲೆಕ್ಕ ಹಾಕಬೇಡಿ.

ಬಿಎ, ಬಿಕಾಂ, ಬಿಎಸ್ಸಿಗೆ ಹೋಗುವವರು "ನಮಗೇನು ಇಲ್ಲ ಬಿಡಿ ಸಾರ್" ಅಂತಾರೆ. ಇದೆ. ಕೇಂದ್ರದ ಎನ್‌ಎಸ್‌ಪಿ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ, ಬೋರ್ಡಿನ ಪರೀಕ್ಷೆಯಲ್ಲಿ ಮೇಲಿನ 20 ಪರ್ಸೆಂಟಿನೊಳಗೆ ಬಂದ, ಮನೆಯ ವರಮಾನ 4.5 ಲಕ್ಷ ಮೀರದ ಮಕ್ಕಳಿಗೆ ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿಯ ಯೋಜನೆ ಇದೆ. ಹೊಸ ಅರ್ಜಿಗೆ ಡಿಗ್ರಿಯ ಮೊದಲ ವರ್ಷ ಮಾತ್ರ ಅವಕಾಶ. ಹತ್ತನ್ನೂ ಹನ್ನೆರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ಬೋರ್ಡಿನ ಮೇಲಿನ 1 ಪರ್ಸೆಂಟಿನಲ್ಲಿ ಬಂದು ಬಿಎಸ್ಸಿಯಲ್ಲಿ ಶುದ್ಧ ವಿಜ್ಞಾನ ತೆಗೆದುಕೊಂಡವರಿಗೆ ಕೇಂದ್ರದ ಸ್ಕಾಲರ್‌ಶಿಪ್ ಯೋಜನೆ ಇನ್‌ಸ್ಪೈರ್‌ನಲ್ಲಿ ವರ್ಷಕ್ಕೆ 80,000. ಇಂಜಿನಿಯರಿಂಗಿಗೆ ಹೋದರೆ ಅದು ಸಿಗುವುದಿಲ್ಲ. ಫಿಸಿಕ್ಸ್ ಮೇಷ್ಟ್ರಾಗಿ ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಆದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಒಂದು ಮಾತು ಮರೆತಿದ್ದೆ. ಮಗಳ ಮಾರ್ಕ್ಸ್ ಕಾರ್ಡು ಹಾಳಾಗದಿರಲಿ ಅಂತ ಅಪ್ಪಂದಿರು ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿ ತರುತ್ತಾರೆ. ಬೇಡ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇಡಿ. ಅದರ ಹಿಂದೆ ಸೀಲು ಬೀಳಬೇಕಾದ ದಿನ ಬ್ಲೇಡು ಹಿಡಿದು ಆ ಹಾಳೆ ಬಿಡಿಸುತ್ತಾ ಕೂರುವವನು ನಾನೇ.