ಹದಿನೈದನೇ ಸುತ್ತಿನ ಆ ಏಟು

ಇಂದು ಬೆಳಿಗ್ಗೆ 1971ರ ಮುಹಮ್ಮದ್ ಅಲಿ-ಜೋ ಫ್ರೇಜಿಯರ್ ಬಾಕ್ಸಿಂಗ್ ಪಂದ್ಯದ ಕೊನೆಯ ಸುತ್ತನ್ನು ಮತ್ತೊಮ್ಮೆ ನೋಡಿದೆ. ಫ್ರೇಜಿಯರ್ ಅವರ ಎಡಗೈ ಹುಕ್ (ಪಕ್ಕದಿಂದ ಬಾಗಿ ಬರುವ ಹೊಡೆತ) ದವಡೆಗೆ ತಗುಲಿ ಅಲಿ ಅಂಗಾತ ಬಿದ್ದರು; ಪಂದ್ಯ ಸೋತರೂ, ಆ ಕ್ಷಣದಲ್ಲಿ ಮಾತ್ರ ತಟ್ಟನೆ ಎದ್ದು ನಿಂತರು.

ತಂತಮ್ಮ ಉತ್ತುಂಗದಲ್ಲಿದ್ದ 1966ರ ಅಲಿ ಮತ್ತು 1988ರ ಮೈಕ್ ಟೈಸನ್ ಎದುರುಬದುರಾದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ನನ್ನ ಉತ್ತರ ಆ ಏಳುವಿಕೆಯಲ್ಲಿಯೇ ಇದೆ. ಆ ವರ್ಷ ಬಾಕ್ಸರ್ ಮೈಕಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡುಗಳಲ್ಲಿ ಮಣಿಸಿದ ಟೈಸನ್ ಮೊದಲ ಸುತ್ತುಗಳಲ್ಲಿ ಅಲಿಯನ್ನೂ ಕೆಡವಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1990ರಲ್ಲಿ ಟೋಕಿಯೋದಲ್ಲಿ, ಎಂಟನೇ ಸುತ್ತಿನಲ್ಲಿ ಬಿದ್ದೆದ್ದ ಬಾಕ್ಸರ್ ಬಸ್ಟರ್ ಡಗ್ಲಾಸ್ ತಮ್ಮ ನೀಳ ಜ್ಯಾಬ್‌ನಿಂದ (ಮುಂಗೈಯ ನೇರ ಹೊಡೆತದಿಂದ) ಟೈಸನ್‌ರನ್ನು ದೂರವಿಟ್ಟು ಹತ್ತನೆಯದರಲ್ಲಿ ನೆಲಕ್ಕುರುಳಿಸಿದರು ಎಂಬುದನ್ನು ನೆನೆದರೆ, ಹಿಂದೆ ಸರಿಯುತ್ತಲೇ ಡಗ್ಲಾಸ್‌ಗಿಂತ ವೇಗವಾಗಿ ಹೊಡೆಯಬಲ್ಲ ಅಲಿಯೇ, ಬಹುಶಃ ಹನ್ನೊಂದನೇ ಸುತ್ತಿನಲ್ಲಿ, ಗೆಲ್ಲುತ್ತಿದ್ದರು ಎನಿಸುತ್ತದೆ.